ಸಮಸ್ಯೆ: ಚಳಿಯೊಳ್ ಬಿತ್ತಿದರು ಬಿಸಿಲ ಹೆಸರಿನ ಬೆಳೆಯಂ

ಬೆಳಗಾವಿಯಿಂದ:
ಈ ಸಲ ಕಂದಪದ್ಯ. ಮೇಲಿನದು ಕೊನೆಯ ಸಾಲು, ಅದಕ್ಕೆ ಹೊಂದುವ ಮೊದಲ ಮೂರು ಸಾಲು ನೀವು ಬರೆಯಬೇಕು. ಳಕಾರ ಪ್ರಾಸ, ಮೊದಲಕ್ಷರ ಲಘು. ಸುಳಿವು ಒಂದೇ: ಬೆಳೆಯ ಹೆಸರನ್ನು ಕನ್ನಡದಲ್ಲಿ ಹುಡುಕಬೇಡಿ, ಸಸ್ಯಶಾಸ್ತ್ರದವರು ಇಟ್ಟ ಹೆಸರಿನಲ್ಲಿ ಹುಡುಕಿ.

ವಿಜಯಪುರದಿಂದ:
ಸೂರ್ಯಕಾಂತಿ ಅಲ್ವಾ ಅಣ್ಣಾರೇ? ಹೀಲಿಯಾಂಥಸ್ ಅಂತಾರೆ. ಗ್ರೀಕ್ ಭಾಷೆಯಲ್ಲಿ ಹೀಲಿಯೋಸ್ ಅಂದರೆ ಸೂರ್ಯ, ಆಂಥೋಸ್ ಅಂದರೆ ಹೂವು. ನಮ್ಮ ಕಡೆ ಹಿಂಗಾರಿಗೂ ಬಿತ್ತುತ್ತಾರೆ.

ಬಿಳಿಜೋಳದ ನಡುನಡುವೊಳ್
ಹಳದಿಯ ಮೊಗವೆತ್ತಿ ನಗುವ ಹೂವಂ ನೆನೆದೇ
ಗೆಳೆಯರ್ ವಿಜಯಪುರದವರ್
ಚಳಿಯೊಳ್ ಬಿತ್ತಿದರು ಬಿಸಿಲ ಹೆಸರಿನ ಬೆಳೆಯಂ

ಬೆಳಗಾವಿಯಿಂದ:
ಭೇಷ್ ತಂಗಿ! ಸೂರ್ಯಕಾಂತಿ ನನಗೆ ಹೊಳೆದೇ ಇರಲಿಲ್ಲ. 'ಮೊಗವೆತ್ತಿ ನಗುವ' ಅನ್ನುವಲ್ಲಿ ಆರನೆಯ ಗಣ (ನಾಲ್ಕು ಮಾತ್ರೆಯ ಗುಂಪು) ಸರ್ವಲಘು, ಅಂದರೆ ಎಲ್ಲವೂ ಲಘು ಆಗಿ, ಮೊದಲ ಅಕ್ಷರಕ್ಕೇ ಯತಿ, ಅಂದರೆ ನಿಲುಗಡೆ ಬಿದ್ದಿದೆ, ಅದು ಸುಮ್ನೆ ಆಗುವ ಕೆಲಸ ಅಲ್ಲ.

ನನ್ನ ಮನಸ್ಸಿನಲ್ಲಿ ಇದ್ದದ್ದು ಗೋಧಿ. ಟ್ರಿಟಿಕಮ್ ಈಸ್ಟಿವಮ್. ಲ್ಯಾಟಿನ್ನಿನಲ್ಲಿ ಈಸ್ಟಿವಮ್ ಅಂದರೆ ಬೇಸಿಗೆಯದು. 1753ರಲ್ಲಿ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಬೇಸಿಗೆ ಗೋಧಿಗೆ ಈ ಹೆಸರಿಟ್ಟು, ಚಳಿಗಾಲದ ಗೋಧಿಗೆ ಹೈಬರ್ನಮ್ ಅಂತ ಬೇರೆಯೇ ಹೆಸರು ಕೊಟ್ಟಿದ್ದ. ಆಮೇಲೆ ಎರಡೂ ಒಂದೇ ಜಾತಿ ಅಂತಾಗಿ ಬೇಸಿಗೆಯ ಹೆಸರೇ ಉಳಿಯಿತು. ನಮ್ಮ ಎರೆ ಹೊಲದಲ್ಲಿ ಮಾತ್ರ ಅದು ಹಿಂಗಾರಿ ಬೆಳೆ.

ಕಳೆದಿರೆ ಮುಂಗಾರಿನ ಮಳೆ
ಬೆಳಗಾವಿಯ ರೈತರೆಲ್ಲ ಕೂರಿಗೆ ಪಿಡಿದರ್
ತಿಳಿಯದೆ ಲಿನ್ನೇಯಸ್ಸನ
ಚಳಿಯೊಳ್ ಬಿತ್ತಿದರು ಬಿಸಿಲ ಹೆಸರಿನ ಬೆಳೆಯಂ

ಬಾಗಲಕೋಟೆಯಿಂದ:
ಮೂರನೆಯ ಸಾಲು ನಾಲ್ಕನೆಯದಕ್ಕೆ ಹರಿದು 'ಲಿನ್ನೇಯಸ್ಸನ ಬೆಳೆ' ಆಗಿದ್ದು ಬಹಳ ಇಷ್ಟವಾಯಿತು. ಒಂದು ಮಾತು ಸೇರಿಸುತ್ತೇನೆ. ಈ ಸಾಲು ಚಪಾತಿ ಗೋಧಿಗೆ ಸರಿ, ಹುಗ್ಗಿ ಮಾಡುವ ನಮ್ಮ ಜವೆಗೋಧಿಗೆ ಹೊಂದುವುದಿಲ್ಲ. ಅದು ಟ್ರಿಟಿಕಮ್ ಡೈಕಾಕಮ್, ಅಂದರೆ ಎರಡು ಕಾಳಿನದು. ತೆನೆ ಬಿಡಿಸಿದರೆ ಒಂದೊಂದು ಹೊಟ್ಟಿನ ಗೂಡಿನಲ್ಲಿ ಜೋಡಿ ಕಾಳು ಇರುತ್ತವೆ, ಕುಟ್ಟದೆ ಹೊಟ್ಟು ಬಿಡುವುದಿಲ್ಲ. ಹೆಸರಿಟ್ಟವರು ಬೆಳೆಯನ್ನು ಕೈಯಲ್ಲಿ ಹಿಡಿದು ನೋಡಿದ್ದರು ಅನ್ನುವುದಕ್ಕೆ ಇದಕ್ಕಿಂತ ಜಾಸ್ತಿ ಏನು ಬೇಕು.

ಮುಂದಿನ ಸಮಸ್ಯೆ ನನ್ನದು, ಡಕಾರ ಪ್ರಾಸ:

ಕಡಲೆಯ ಕಾಯೊಳಗೆ ಟಗರ ತಲೆಯಂ ಕಂಡೆಂ

ಕಡಲೆಯ ಹೆಸರು ಸೈಸರ್ ಏರಿಯೆಟಿನಮ್. ಲ್ಯಾಟಿನ್ನಿನ ಏರೀಸ್ ಅಂದರೆ ಟಗರು. ಬರೆಯುವ ಮುಂಚೆ ಒಂದು ಜವಾರಿ ಕಡಲೆ ಕಾಳನ್ನು ಅಂಗೈ ಮೇಲೆ ಇಟ್ಟುಕೊಂಡು, ಅದರ ಮೂತಿ ನಿಮ್ಮ ಕಡೆ ತಿರುಗಿಸಿ ನೋಡಿ.