ಹಾರೋ ಹಡಗು ಮತ್ತು ಟಿಟಿ ದುಡ್ಡು

ರಘು ಚಿಕ್ಕಪ್ಪ: (ಫಾರ್ವರ್ಡ್) 1929ರಲ್ಲೇ ಜರ್ಮನ್ನರು 169 ಜನರನ್ನು ಒಂದೇ ವಿಮಾನದಲ್ಲಿ ನ್ಯೂಯಾರ್ಕಿಗೆ ಹಾರಿಸಿದ್ದರು!! ನೀರ ಮೇಲಿಳಿಯುವ 12 ಇಂಜಿನ್ನಿನ ದೈತ್ಯ, ಡಾರ್ನಿಯರ್ ಡೋ ಎಕ್ಸ್. ಹಡಗು ಕಂಪನಿಗಳು ಮುಚ್ಚಿಹಾಕಿದ ಸತ್ಯ. 10 ಜನರಿಗೆ ಕಳಿಸಿ

ಪದ್ಮತ್ತೆ: 🙏 ಆಗಿನವ್ರಿಗೆ ಮೊಬೈಲ್ ಇರ್ಲಿಲ್ಲ, ಅದಕ್ಕೇ ತಲೆ ಓಡ್ತಿತ್ತು. ಈಗಿನ ಮಕ್ಕಳಿಗೆ ಮಗ್ಗೀನೂ ಬರಲ್ಲ

ಸುಹಾಸ್: ಸೋರ್ಸ್ ಎಲ್ಲಿ ಚಿಕ್ಕಪ್ಪ? 169 ಜನ ಹತ್ತಿದ್ದು ನಿಜ, ಆದ್ರೆ ಅದು 1929 ಅಕ್ಟೋಬರ್ 21ಕ್ಕೆ ಜರ್ಮನಿ ಸ್ವಿಸ್ ಗಡಿಯ ಬೋಡನ್ ಸರೋವರದ ಮೇಲೆ ಒಂದು ರೌಂಡು ಅಷ್ಟೇ. ನ್ಯೂಯಾರ್ಕಿಗೆ ಹೊರಟಿದ್ದು 1930 ನವೆಂಬರಲ್ಲಿ, ಲಿಸ್ಬನ್ನಲ್ಲಿ ರೆಕ್ಕೆಗೆ ಬೆಂಕಿ ಬಿತ್ತು, ಕ್ಯಾನರಿ ದ್ವೀಪದ ಹತ್ರ ತಳ ಜಖಂ ಆಯ್ತು, ರಿಪೇರಿ ಮಾಡ್ಕೊಂಡು ಬ್ರೆಜಿಲ್ ಸುತ್ತಿ ತಲುಪೋ ಹೊತ್ತಿಗೆ 1931 ಆಗಸ್ಟ್ 27

ರಘು ಚಿಕ್ಕಪ್ಪ: ತಲುಪ್ತಲ್ಲ? ನಾನೂ ಅದೇ ಹೇಳಿದ್ದು

ಸುಹಾಸ್: ನೀವು ಹೇಳಿದ್ದು ಪಿತೂರಿ! ಹಿಂದಿನ ಸಾಲಿನ ಇಂಜಿನ್ ಕಾದು ಕೆಂಡ ಆಗ್ತಿದ್ವು, ಅಮೆರಿಕದ ಕರ್ಟಿಸ್ ಇಂಜಿನ್ ಹಾಕಿದ್ರೂ 500 ಮೀಟರ್ ಏರೋಕೇ ಒದ್ದಾಟ. ರೆಕ್ಕೆ ಒಳಗೆ ಮೆಕ್ಯಾನಿಕ್ ತೆವಳ್ಕೊಂಡು ಹೋಗೋಷ್ಟು ಜಾಗ ಇತ್ತು, ಅಷ್ಟು ರಿಪೇರಿ. ಟಿಕೆಟ್ ಕೊಟ್ಟು ದಿನಾ ಓಡಿಸಿದ್ದೇ ಇಲ್ಲ. ಕೊನೆಗೆ ಬರ್ಲಿನ್ ಮ್ಯೂಸಿಯಂನಲ್ಲಿಟ್ರು, ಯುದ್ಧದಲ್ಲಿ ಬಾಂಬ್ ಬಿದ್ದು ಹೋಯ್ತು

ವಿನು: ನೀರು ಅಂದಾಗ ಸಿಗಂದೂರು ಲಾಂಚ್ ನೆನಪಾಯ್ತು 😍 ಬಸ್ಸು ಸಮೇತ ಹತ್ತುತಿದ್ವಿ, ಹೊಳೆಬಾಗಿಲಲ್ಲಿ ಅಜ್ಜಿ ಸೊಂಟದ ಚೀಲದಿಂದ ಚಿಲ್ರೆ ತೆಗ್ದು ಪೆಪ್ಪರ್ಮೆಂಟ್ ಕೊಡ್ಸೋರು. ಈಗ ಸೇತುವೆ ಆಗಿದೆ, ಆ ಮಜಾ ಇಲ್ಲ

ಸುಹಾಸ್: ಮಜಾ ಅಂದ್ರೆ ಆ 169ರಲ್ಲಿ 9 ಜನ ಕದ್ದು ಹತ್ತಿದವ್ರು

ಗಿರೀಶಣ್ಣ: ಬಿಟ್ಟಿ ಹತ್ತೋರು ನಮ್ಮನೇಲೂ ಇದಾರೆ. ಧರ್ಮಸ್ಥಳದ ಟಿಟಿ ದುಡ್ಡು ಇನ್ನೂ ಬರ್ಬೇಕು

ರಘು ಚಿಕ್ಕಪ್ಪ: ಯಾರಿಗೆ ಹೇಳಿದ್ದು ಇದು?

ಗಿರೀಶಣ್ಣ: ಜನರಲ್ ಆಗಿ ಹೇಳ್ದೆ

ರಘು ಚಿಕ್ಕಪ್ಪ: ಜನರಲ್ಲಂತೆ! ನಿನ್ನ ಉಪನಯನದಲ್ಲಿ ಅಡಿಗೆಯವ್ರಿಗೆ ಅಡ್ವಾನ್ಸ್ ಕೊಟ್ಟಿದ್ಯಾರು ನಿಮ್ಮಪ್ಪನ್ನ ಕೇಳು

ಪದ್ಮತ್ತೆ: ದೊಡ್ಡವ್ರ ಹತ್ರ ಹೀಗಾ ಮಾತಾಡೋದು ಗಿರೀಶ. ಗ್ರೂಪ್ ಮಾಡಿದ್ದು ಜಗಳಕ್ಕಲ್ಲ

ವಿನು: ಅದು ಟಿಟಿ ಅಲ್ಲ ಮಿನಿಬಸ್ಸು, ಶಿರಾಡಿ ಘಾಟಲ್ಲಿ ನಾನು ವಾಂತಿ ಮಾಡ್ಕೊಂಡಿದ್ನಲ್ಲ 😂

ಸುಹಾಸ್: ಹಡಗು ಕಂಪನಿ ವಿಷ್ಯಕ್ಕೆ ಸೋರ್ಸ್ ಇನ್ನೂ ಬಂದಿಲ್ಲ

ರಘು ಚಿಕ್ಕಪ್ಪ: ಸೋರ್ಸ್ ಇಟ್ಕೊಂಡು ಉಪ್ಪಿನಕಾಯಿ ಹಾಕು. ಗಿರೀಶ, 1,800 ಫೋನ್ ಪೇ ಮಾಡಿದೀನಿ, ಎಲ್ರೂ ನೋಡ್ಲಿ ಅಂತ ಸ್ಕ್ರೀನ್ ಶಾಟ್ ಹಾಕ್ತೀನಿ ತಡಿ

ಗಿರೀಶಣ್ಣ: ಬಂತು ಚಿಕ್ಕಪ್ಪ. ಚಿಕ್ಕಮ್ಮಂದು?