ಪದಚರ್ಚೆ: ಬಿಸಿಲಲ್ಲಿ ‘ಲಾಂಗ್ ರನ್’, ಅದರಲ್ಲಿ ‘ಪುಶ್ ಥ್ರೂ’. ಬೋರ್ಡಿಗೆ ಬೇಕು, ಅರ್ಜೆಂಟ್

ಎಲ್ಲರಿಗೂ ನಮಸ್ಕಾರ. ನಮ್ಮ ಬಳಗದವರು ಮ್ಯಾರಥಾನ್ ತಯಾರಿಗೆ ಭಾನುವಾರ ನಸುಕಿನಲ್ಲಿ ಗೋಳಗುಮ್ಮಟದಿಂದ ಭೂತನಾಳ ಕೆರೆಯ ಕಡೆಗೆ ಓಡುತ್ತಾರೆ. ಸುತ್ತಿ ಬಳಸಿ 30 ಕಿ.ಮೀ. ತನಕ ಹೋಗುವುದುಂಟು. ಏಪ್ರಿಲ್ ಬಂತು ಅಂದ್ರೆ ವಾಪಸ್ ಬರುವ ಹೊತ್ತಿಗೆ ಬಿಸಿಲು ಏರಿರುತ್ತದೆ. ದಾರಿಯಲ್ಲಿ ನಿಲ್ಲಿಸಲು ಒಂದು ಬೋರ್ಡು, ಹಂಚಲು ಒಂದು ಹಾಳೆ ಮಾಡಬೇಕು. ಇಂಗ್ಲಿಷ್ ಪ್ರತಿ ಕೈಯಲ್ಲಿದೆ. ‘ಲಾಂಗ್ ರನ್’ಗೆ ಸದ್ಯಕ್ಕೆ ‘ದೀರ್ಘ ಓಟದ ತಾಲೀಮು’ ಅಂತ ಹಾಕಿದ್ದೇನೆ. ಕಾಲು ಬೇಡ ಅಂದರೂ ಬಿಡದೆ ಮುಂದಕ್ಕೆ ಹೋಗುವ ‘ಪುಶ್ ಥ್ರೂ’ಗೆ ‘ದಮ್ ಹಿಡಿದು ಓಡಿ’. ಸರಿಯೇ? ನಾಳೆ ಸಂಜೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು.
(ವಿಜಯಪುರ)

ದೀರ್ಘ ಬೇಡ. ನೀಳ ಇದೆ, ‘ನೀಳೋಟ’ ಎನ್ನಿ. ತಾಲೀಮು ಅರಬ್ಬಿ, ತರಬೇತಿ ಎನ್ನಿ. ದಮ್ ಪಾರಸಿ. ‘ಉಸಿರು ಬಿಗಿಹಿಡಿದು ಓಡಿ’. ಕನ್ನಡದಲ್ಲಿ ಎಲ್ಲವೂ ಇದೆ, ಹುಡುಕುವ ಮನಸ್ಸು ಬೇಕು.
(ಮೈಸೂರು)

ಮೈಸೂರಿನ ಹಿರಿಯರಿಗೆ ನಮಸ್ಕಾರ. ಉಸಿರು ಬಿಗಿಹಿಡಿದು 300 ಮೀಟರ್ ಓಡಿ ತೋರಿಸಿ, 30 ಕಿ.ಮೀ. ಆಮೇಲೆ ನೋಡೋಣ. ಇನ್ನು ತರಬೇತಿ. ಅದು ‘ತರ್ಬಿಯತ್’. ಅದೂ ಅರಬ್ಬಿಯೇ! ಒಂದು ಅರಬ್ಬಿಯನ್ನು ಹೊರಹಾಕಿ ಇನ್ನೊಂದಕ್ಕೆ ಮಣೆ ಹಾಕಿದಂತಾಯಿತು.

ಎರಡಕ್ಕೂ ಬಳಕೆಯಲ್ಲಿ ಬೇರೆ ಬೇರೆ ಜಾಗ ಇದೆ, ಅದು ಮುಖ್ಯ. ತರಬೇತಿಯನ್ನು ಒಬ್ಬರು ಕೊಡುತ್ತಾರೆ, ಇನ್ನೊಬ್ಬರು ತಗೊಳ್ಳುತ್ತಾರೆ. ಶಿಕ್ಷಕರ ತರಬೇತಿ, ಹೊಲಿಗೆ ತರಬೇತಿ. ತಾಲೀಮು ಹಾಗಲ್ಲ. ಅದನ್ನು ನಾವೇ ದಿನಾ ಮಾಡಬೇಕು. ಪೈಲ್ವಾನರು ಮಾಡುವುದು ತಾಲೀಮು, ನಾಟಕದವರು ಮಾಡುವುದೂ ತಾಲೀಮು. ನಮ್ಮ ಬೆಳಗಾವಿ ಕಡೆ ಕುಸ್ತಿಯ ಗರಡಿಗೂ ಅದೇ ಹೆಸರು. ಭಾನುವಾರ ನಸುಕಿನಲ್ಲಿ ಎದ್ದು ಓಡುವವರಿಗೆ ಇದಕ್ಕಿಂತ ಒಪ್ಪುವ ಮಾತು ಬೇರೆ ಇಲ್ಲ. ನೀಳ ಅಂತೂ ಕೂದಲಿಗೆ, ಮೂಗಿಗೆ. ಓಟಕ್ಕೆ ‘ದೂರದ ಓಟ’ ಸಾಕು. ಹಳ್ಳಿಯ ಹುಡುಗನಿಗೂ ತಿಳಿಯುತ್ತದೆ.
(ಬೆಳಗಾವಿ)

ದೀರ್ಘೋಟ ಅಂತ ಕೂಡಿಸದಿದ್ದರೆ ಸಾಕು. ಸಂಸ್ಕೃತಕ್ಕೆ ಕನ್ನಡ ಬೆಸೆದರೆ ಅರಿಸಮಾಸ, ಅಂದರೆ ಸಲ್ಲದ ಸಮಾಸ. 13ನೆಯ ಶತಮಾನದಲ್ಲೇ ವ್ಯಾಕರಣಕಾರ ಕೇಶಿರಾಜ ಹೇಳಿಯಾಗಿದೆ.
(ಧಾರವಾಡ)

ಯಾರೂ ಕೂಡಿಸಿಲ್ಲ ಸರ್.
(ವಿಜಯಪುರ)

ದಮ್ ಬಗ್ಗೆ ಯಾರೂ ಸರಿಯಾಗಿ ಹೇಳಲಿಲ್ಲ. ಪಾರಸಿಯಲ್ಲಿ ದಮ್ ಅಂದ್ರೆ ಉಸಿರು, ಅಷ್ಟೇ. ನಮ್ಮಲ್ಲಿ ಬಂದ ಮೇಲೆ ಅದು ಯಾವ ಕ್ರಿಯಾಪದದ ಜೊತೆ ಕೂತಿದೆ ನೋಡಿ. ‘ದಮ್ಮು ಹತ್ತೇತಿ’ ಅಂದ್ರೆ ಏದುಸಿರು. ‘ದಮ್ ಐತಿ’ ಅಂದ್ರೆ ಕಸುವು, ಗಟ್ಟಿತನ. ‘ದಮ್ ಹೊಡಿ’ ಅಂದ್ರೆ ಬೀಡಿ. ಬರೀ ‘ದಮ್ಮು’ ಅಂದ್ರೆ ಕಾಯಿಲೆ. ಆದರೆ ‘ದಮ್ ಹಿಡಿ’ ಅಂದ್ರೆ ಜಮಖಂಡಿ, ಮುಧೋಳ ಕಡೆ ತಡಿ, ಸ್ವಲ್ಪ ನಿಲ್ಲು ಅಂತ! ‘ಜರಾ ದಮ್ ಹಿಡಿಯೋ, ಬಂದೆ’ ಅಂತಾರಲ್ವಾ? ಮರಾಠಿಯವರು ‘ದಮ್ ಧರ್’ ಅನ್ನುವುದೂ ಇದೇ ಅರ್ಥದಲ್ಲಿ. 25 ಕಿ.ಮೀ. ಓಡಿ ಬಂದವನು ನಿಮ್ಮ ಬೋರ್ಡು ಓದಿ ಗಿಡದ ನೆರಳಿಗೆ ಕೂತುಬಿಡುತ್ತಾನೆ. ತಪ್ಪು ಅವನದಲ್ಲ.
(ಜಮಖಂಡಿ)

ಹಾಗಾದರೆ ‘ತಾಳಿಕೊಂಡು ಓಡಿ’. ಅಚ್ಚಗನ್ನಡ.
(ಮೈಸೂರು)

‘ತಾಳು, ಬಂದೆ’ ಅಂದ್ರೂ ನಿಲ್ಲು ಅಂತಲೇ. ಅಚ್ಚಗನ್ನಡದಲ್ಲೂ ಸಹಿಸುವುದು, ಕಾಯುವುದು ಒಂದೇ ಮಾತಿನಲ್ಲಿ ಬಂದಿದೆ. ನನ್ನ ಮತ ‘ಜಗ್ಗು’ಗೆ. ಪುಸ್ತಕದ ಕನ್ನಡದಲ್ಲಿ ‘ಜಗ್ಗಲಿಲ್ಲ’ ಅಂದ್ರೆ ಸೋಲಲಿಲ್ಲ. ನಮ್ಮಲ್ಲಿ ಎತ್ತು ಬಂಡಿ ಜಗ್ಗುತ್ತದೆ, ಅಂದ್ರೆ ಎಳೆಯುತ್ತದೆ. ‘ಇನ್ನಷ್ಟು ಜಗ್ಗಿ’ ಅಂತ ಬರೆಯಿರಿ.
(ಜಮಖಂಡಿ)

ದಕ್ಷಿಣದವರು ಅದನ್ನು ‘ಸೋಲಿ’ ಅಂತ ಓದಿಕೊಳ್ಳುತ್ತಾರೆ.
(ಧಾರವಾಡ)

ದಕ್ಷಿಣದವರು ಯಾಕ್ರೀ ಭೂತನಾಳಕ್ಕೆ ಓಡಲು ಬರ್ತಾರೆ?
(ಜಮಖಂಡಿ)

ಪದ ಬಿಡಿ, ಮೊದಲು ಏನು ಹೇಳಬೇಕು ಅಂತ ನೋಡಿ. ನಾನು ಓಡುವವನು. ಬಿಸಿಲಲ್ಲಿ ಎರಡು ಥರದ ಕಷ್ಟ ಬರುತ್ತದೆ. 30 ಕಿ.ಮೀ. ಹತ್ತಿರ ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್, ಅಂದ್ರೆ ಓಟಕ್ಕೆ ಬೇಕಾದ ಸಕ್ಕರೆಯ ದಾಸ್ತಾನು, ಮುಗಿಯುತ್ತಾ ಬರುತ್ತದೆ. ಕಾಲು ಸೀಸದಷ್ಟು ಭಾರ ಆಗುತ್ತದೆ. ಅದು ಸುಸ್ತು. ವೇಗ ಇಳಿಸಿ, ಒಂದಿಷ್ಟು ಬೆಲ್ಲವೋ ಬಾಳೆಹಣ್ಣೋ ತಿಂದು ಮುಂದೆ ಹೋಗಬಹುದು. ಅಲ್ಲಿ ‘ಜಗ್ಗಿ’ ಸರಿ.

ಇನ್ನೊಂದು ಬವಳಿ. ತಲೆ ಸುತ್ತುವುದು, ಹೊಟ್ಟೆ ತೊಳಸುವುದು, ಮಾತು ತಡವರಿಸುವುದು. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿ ಬುದ್ಧಿ ಮಂಕಾದರೆ ಅದು ಹೀಟ್ ಸ್ಟ್ರೋಕ್, ಪ್ರಾಣಕ್ಕೇ ಕುತ್ತು. ನಮ್ಮದು ಒಣ ಬಿಸಿಲು. ಬೆವರು ಬಂದದ್ದೇ ಆರುತ್ತದೆ. ಎಷ್ಟು ಹೋಯಿತು ಅಂತ ಗೊತ್ತೇ ಆಗಲ್ಲ. ಬನಿಯನ್ ಮೇಲೆ ಉಪ್ಪಿನ ಬಿಳಿ ಗೆರೆ ಕಂಡಾಗಲೇ ತಿಳಿಯುವುದು. ಹಾಗಂತ ಬರೀ ನೀರನ್ನೇ ಮಿತಿಮೀರಿ ಕುಡಿದರೂ ರಕ್ತದ ಸೋಡಿಯಂ ಇಳಿದು ಅಪಾಯ. ಒಆರ್‌ಎಸ್ ಅಥವಾ ಉಪ್ಪು ಹಾಕಿದ ಮಜ್ಜಿಗೆ ಇಟ್ಟುಕೊಳ್ಳಿ. ಸೆಕೆಗೆ ಮೈ ಒಗ್ಗಲು ಹತ್ತು ಹದಿನಾಲ್ಕು ದಿನ ಬೇಕು. ಹಾಳೆಯಲ್ಲಿ ಇದನ್ನು ದಪ್ಪಕ್ಷರದಲ್ಲಿ ಹಾಕಿ. ಬವಳಿ ಬಂದವನಿಗೆ ‘ಪುಶ್ ಥ್ರೂ’ ಅನ್ನಬಾರದು, ಯಾವ ಭಾಷೆಯಲ್ಲೂ.
(ಬಾಗಲಕೋಟೆ)

ಸುಸ್ತು ಪಾರಸಿ. ದಣಿವು ಎನ್ನಿ.
(ಮೈಸೂರು)

ದಣಿವು ಹೊಲದಿಂದ ಬಂದವನಿಗೂ ಇರುತ್ತದೆ, ಕೂತರೆ ಹೋಗುತ್ತದೆ. ನಾವು ಸುಸ್ತು ಅಂದೇ ಅಳುತ್ತೇವೆ, ಸುಸ್ತು ಅಂದೇ ಬೋರ್ಡಿನಲ್ಲೂ ಬರೆಯೋಣ. ಅಷ್ಟು ಶುದ್ಧ ಬೇಕಿದ್ದರೆ ‘ಓಟಗಾರ’ದ ‘ಗಾರ’ವನ್ನೂ ಕೀಳಿ, ಅದು ಸಂಸ್ಕೃತದ ‘ಕಾರ’.
(ಬೆಳಗಾವಿ)

ಕೀಳೋಣ. ‘ಓಡುಗ’.
(ಮೈಸೂರು)

‘ಓದುಗ’ ಅಂತ ಓದುತ್ತಾರೆ. ಗ್ರಂಥಾಲಯದ ಬೋರ್ಡು ಆಗುತ್ತದೆ.
(ಬೆಳಗಾವಿ)

ನೀರು ಕೊಡುವ ಜಾಗಕ್ಕೆ ಏನು ಬರೆಯುತ್ತೀರಿ? ‘ವಾಟರ್ ಪಾಯಿಂಟ್’ ಬೇಡ. ಅರವಟ್ಟಿಗೆ ಇದೆ. ಹಳಗನ್ನಡದಲ್ಲಿ ಶಕಟರೇಫ (ಈಗ ಬಳಕೆಯಲ್ಲಿಲ್ಲದ ‘ಱ’ ಅಕ್ಷರ) ಇರುವ ಅಱವಂಟಿಗೆ. ಮೊದಲ ತುಂಡು ‘ಅಱ’, ಅಂದರೆ ಧರ್ಮ. ತಮಿಳಿನ ‘ಅಱಂ’ ಇದೇ. ಇದನ್ನು ಧರ್ಮ ಶಬ್ದದ ತದ್ಭವ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಧರ್ಮದ ‘ಧ’ ಎಲ್ಲಿ ಹೋಯಿತು? ಇದರ ಬಗ್ಗೆ ಮೊದಲೇ ವಿವರವಾಗಿ ಬರೆದಿದ್ದೇನೆ, ಯಾರೂ ಉತ್ತರಿಸಿಲ್ಲ.
(ಧಾರವಾಡ)

ಅರವಟ್ಟಿಗೆ ತಗೊಂಡೆ ಸರ್, ಚೆನ್ನಾಗಿದೆ. ಬೇಸಿಗೆಯಲ್ಲಿ ಇಲ್ಲಿ ಎಲ್ಲರಿಗೂ ಗೊತ್ತಿರುವ ಮಾತೇ. ‘ಧ’ ಎಲ್ಲಿ ಹೋಯಿತೆಂದು ನನಗೆ ಕೇಳಬೇಡಿ.

ಹಾಳೆಯ ಹೆಸರು ‘ದೂರದ ಓಟದ ತಾಲೀಮು’. ಬೋರ್ಡಿನ ಮೇಲೆ: ‘ಸುಸ್ತಾಯಿತೇ? ನಿಧಾನ ಮಾಡಿ, ಇನ್ನಷ್ಟು ಜಗ್ಗಿ. ಬವಳಿ ಬಂತೇ? ನಿಂತುಬಿಡಿ, ನೆರಳಿಗೆ ಹೋಗಿ, ಪಕ್ಕದವರನ್ನು ಕೂಗಿ.’ ಬಾಗಲಕೋಟೆಯ ಅಣ್ಣ ಹೇಳಿದ್ದನ್ನು ಹಾಗೇ ಇಟ್ಟಿದ್ದೇನೆ.
(ವಿಜಯಪುರ)

ಬೋರ್ಡು ಅಲ್ಲ, ಹಲಗೆ.
(ಮೈಸೂರು)

ಫ್ಲೆಕ್ಸ್ ಸರ್ ಅದು. ಹಲಗೆ ಇಲ್ಲ ಅದರಲ್ಲಿ.
(ವಿಜಯಪುರ)