ಕವಿ ತನ್ನ ಸಮುದಾಯದ ವಕ್ತಾರನಾಗಲೇಬೇಕೇ?

ಪ್ರಶ್ನೆ: ಬಾಗಲಕೋಟೆಯ ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಕೂಟದ ಕಳೆದ ಕವಿಗೋಷ್ಠಿಯಲ್ಲಿ ದಲಿತ ಸಮುದಾಯದ ತರುಣನೊಬ್ಬ ಸೀತನಿಯ ಮೇಲೆ ಕವಿತೆ ಓದಿದ. ಹಾಲುಗಾಳಿನ ಜೋಳದ ತೆನೆಯನ್ನು ಹೊಲದಲ್ಲಿಯೇ ಕೆಂಡದ ಮೇಲೆ ಸುಡುವುದು, ಬಿಸಿಯಿರುವಾಗಲೇ ಅಂಗೈಯಲ್ಲಿ ತಿಕ್ಕಿ ಹೊಟ್ಟು ಊದುವುದು, ಅವ್ವ ಮೊದಲ ಹಿಡಿಯನ್ನು ಮಗನ ಕೈಗೆ ಸುರಿಯುವುದು, ಇಷ್ಟೇ ಅದರ ವಸ್ತು. ಓದು ಮುಗಿದ ಮೇಲೆ ವೇದಿಕೆಯ ಮೇಲಿದ್ದ ಹಿರಿಯರೊಬ್ಬರು, “ತಮ್ಮಾ, ಚೊಲೊ ಬರದೀ. ಆದರ ನಿಮ್ಮ ಮಂದಿ ನೋವು ಇದರಾಗ ಎಲ್ಲೈತಿ?” ಎಂದು ಕೇಳಿದರು. ಅವರ ಕಳಕಳಿಯ ಬಗ್ಗೆ ನನಗೆ ಸಂಶಯವಿಲ್ಲ, ಆದರೆ ಹುಡುಗ ಏನೂ ಹೇಳದೆ ಹಾಳೆ ಮಡಚಿಕೊಂಡು ಕುಳಿತುಬಿಟ್ಟ. ಅಮೆರಿಕದ ಕಪ್ಪು ಲೇಖಕರು ತಮ್ಮ ಪ್ರಬಂಧಗಳಲ್ಲಿ ಇದೇ ಇಕ್ಕಟ್ಟನ್ನು ಚರ್ಚಿಸಿದ್ದಾರೆಂದು ಕೇಳಿದ್ದೇನೆ. ತುಳಿತಕ್ಕೊಳಗಾದ ಸಮುದಾಯದಿಂದ ಬಂದ ಲೇಖಕ ಸದಾ ಆ ಸಮುದಾಯದ ಪರವಾಗಿಯೇ ಮಾತನಾಡಬೇಕೆಂದು ಕೇಳುವ ಹಕ್ಕು ನಮಗಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಗೋಕಾಕದ ಕನ್ನಡ ಶಿಕ್ಷಕಿ

ಅಮೆರಿಕದ ಕಪ್ಪು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ 1926ರಲ್ಲಿ ‘ದಿ ನೇಷನ್’ ಪತ್ರಿಕೆಗೆ ಬರೆದ ಪ್ರಬಂಧವನ್ನು ನಿಮ್ಮ ಕೂಟ ಮೊದಲು ಓದಲಿ. ತಾನು ನೀಗ್ರೋ ಕವಿಯಾಗದೆ ಬರೀ ಕವಿಯಾಗಬೇಕು ಎಂದ ಒಬ್ಬ ತರುಣನ ಮಾತಿನಿಂದ ಅದು ಆರಂಭವಾಗುತ್ತದೆ, ಆ ಮಾತಿನ ಅಡಿಯಲ್ಲಿ ಬಿಳಿಯನಾಗುವ ಆಸೆ ಅಡಗಿದೆಯೆಂದು ಹ್ಯೂಸ್ ಕಳವಳಪಡುತ್ತಾರೆ. ಇಷ್ಟನ್ನೇ ಓದಿ ನಿಲ್ಲಿಸಿದರೆ ಹ್ಯೂಸ್ ನಿಮ್ಮ ಹಿರಿಯರ ಪಕ್ಷದವರೆಂದೇ ಅನ್ನಿಸುತ್ತದೆ. ಆದರೆ ಪ್ರಬಂಧದ ಕೊನೆಗೆ ಅವರು, ನಮ್ಮ ಬರವಣಿಗೆ ಬಿಳಿಯರಿಗೆ ಹಿಡಿಸಿದರೆ ಸಂತೋಷ, ಹಿಡಿಸದಿದ್ದರೂ ಚಿಂತೆಯಿಲ್ಲ ಎನ್ನುತ್ತಾರೆ, ಅದೇ ಮಾತನ್ನು ಕಪ್ಪು ಜನರ ಬಗ್ಗೆಯೂ ಹೇಳುತ್ತಾರೆ. ಅವರು ವಿರೋಧಿಸಿದ್ದು ನಾಚಿಕೆಯನ್ನು. ಸೀತನಿಯ ಕವಿತೆಯಲ್ಲಿ ನಾಚಿಕೆ ಎಲ್ಲಿದೆ? ತನ್ನ ಅವ್ವನ ಕೈಯನ್ನು ಅಷ್ಟು ಹತ್ತಿರದಿಂದ ಕಂಡವನು ತನ್ನ ಮೂಲವನ್ನು ಮರೆಮಾಚಿದ್ದಾನೆಂದು ಹೇಳಲು ನನಗೆ ಮನಸ್ಸು ಒಪ್ಪುವುದಿಲ್ಲ.

ಉತ್ತರ: ವಿಜಯಪುರದ ಸಂಶೋಧನಾ ವಿದ್ಯಾರ್ಥಿ

ಅಕ್ಕಾವರೇ, ನಿಮ್ಮ ಮಾತು ಸರಿ, ಆದರೂ ಆ ಹಿರಿಯರ ಪ್ರಶ್ನೆಯ ಹಿಂದಿನ ಭಯವನ್ನು ನಾವು ಲಘುವಾಗಿ ಕಾಣಬಾರದು. ಹೇಳುವವರಿಲ್ಲದ ಚರಿತ್ರೆ ಅಳಿದುಹೋಗುತ್ತದೆ. ಗೋಲಗುಂಬಜ ನೋಡಲು ಬಂದವರೆಲ್ಲ ಮುಹಮ್ಮದ್ ಆದಿಲ್ ಶಾಹನ ಹೆಸರು ಕೇಳಿಕೊಂಡು ಹೋಗುತ್ತಾರೆ, ಆತನ ಆಸ್ಥಾನದಲ್ಲಿ ಬಲಿಷ್ಠ ಮಂತ್ರಿಯಾಗಿದ್ದ ಇಖ್ಲಾಸ್ ಖಾನ್ ಆಫ್ರಿಕಾ ಮೂಲದ ಹಬಶಿ ಎಂಬುದು ನಮ್ಮ ಊರಿನವರಲ್ಲಿಯೇ ಎಷ್ಟು ಜನರಿಗೆ ಗೊತ್ತು? ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನಂಚಿನಲ್ಲಿ ಆಫ್ರಿಕಾ ಮೂಲದವರೇ ಆದ ಸಿದ್ದಿಗಳು ಇಂದಿಗೂ ಕನ್ನಡ, ಕೊಂಕಣಿ, ಮರಾಠಿಗಳ ನಡುವೆ ಬದುಕುತ್ತಿದ್ದರೂ ನಮ್ಮ ಕಥೆಗಳಲ್ಲಿ ಅವರು ಬರುವುದು ಅಪರೂಪ. ಆಫ್ರಿಕಾದ ಗತಕಾಲವೆಂದರೆ ಬರೀ ಕತ್ತಲೆಯಲ್ಲ ಎಂಬುದನ್ನು ತನ್ನ ಓದುಗರಿಗೆ ಕಲಿಸಿದರೂ ಸಾಕು ಎಂದು ನೈಜೀರಿಯಾದ ಕಾದಂಬರಿಕಾರ ಚಿನುವಾ ಅಚೆಬೆ 1965ರಲ್ಲಿ ಬರೆದದ್ದು ಇಂಥ ಮರೆವನ್ನು ಕಂಡೇ. ನಮ್ಮ ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರು 1994ರಲ್ಲಿ ‘ಗೌರ್ಮೆಂಟ್ ಬ್ರಾಹ್ಮಣ’ ಎಂಬ ದಲಿತ ಆತ್ಮಕಥೆ ಬರೆಯದೇ ಹೋಗಿದ್ದರೆ ಈ ಭಾಗದ ಎಷ್ಟೋ ಅನುಭವ ಅಕ್ಷರಕ್ಕೆ ಇಳಿಯುತ್ತಲೇ ಇರಲಿಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. ಅದೇ ವೇದಿಕೆಯಲ್ಲಿ ಮೇಲ್ಜಾತಿಯ ಕವಿಗಳೂ ಕವಿತೆ ಓದಿರಬೇಕಲ್ಲವೇ? ನಿಮ್ಮ ಕವಿತೆಯಲ್ಲಿ ಜಾತಿ ಎಲ್ಲಿದೆ ಎಂದು ಅವರನ್ನು ಯಾರಾದರೂ ಕೇಳಿದರೇ? ಅಮೆರಿಕದ ಕಪ್ಪು ಕಾದಂಬರಿಕಾರ್ತಿ ಟೋನಿ ಮಾರಿಸನ್ 1992ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ಬಿಳಿಯ ಲೇಖಕರ ಕೃತಿಗಳನ್ನೇ ಕೈಗೆತ್ತಿಕೊಂಡು, ಕಪ್ಪು ಜನರು ಅಂಚಿನಲ್ಲಿರುವಂತೆ ಕಾಣುವ ಕಡೆಯಲ್ಲಿಯೂ ಆ ಕಲ್ಪನೆಯೆಲ್ಲ ಅವರ ಇರುವಿಕೆಯ ಮೇಲೆಯೇ ನಿಂತಿದೆ ಎಂದು ತೋರಿಸಿದರು. ವರ್ಣಭೇದ ಬಿಳಿಯ ಲೇಖಕನಿಗೂ ಸಂಬಂಧಿಸಿದ ವಿಷಯವಾದರೆ, ಜಾತಿ ನಮಗೆಲ್ಲರಿಗೂ ಸಂಬಂಧಿಸಿದ್ದು. ಅದರ ಭಾರವನ್ನು ಗೋಷ್ಠಿಯ ಅತ್ಯಂತ ಕಿರಿಯ ಕವಿಯೊಬ್ಬನ ಹೆಗಲಿಗೆ ಹೊರಿಸಿ ಉಳಿದವರು ನಿರಾಳವಾಗಿ ಕೂಡುವುದು ನ್ಯಾಯವಲ್ಲ.

ಉತ್ತರ: ಜಮಖಂಡಿಯ ನಿವೃತ್ತ ಗ್ರಂಥಪಾಲಕ

ಅಮೆರಿಕದ ಇನ್ನೊಬ್ಬ ಕಪ್ಪು ಲೇಖಕ ಜೇಮ್ಸ್ ಬಾಲ್ಡ್‌ವಿನ್ನರನ್ನು ಬಿಟ್ಟು ಈ ಚರ್ಚೆ ಪೂರ್ತಿಯಾಗದು. 1949ರ ಪ್ರಬಂಧವೊಂದರಲ್ಲಿ ಅವರು ಪ್ರತಿಭಟನೆಯ ಕಾದಂಬರಿಗಳನ್ನು ಕಟುವಾಗಿ ಟೀಕಿಸಿದರು. ಅನ್ಯಾಯವನ್ನು ತೋರಿಸುವ ಭರದಲ್ಲಿ ಅವು ಮನುಷ್ಯನ ಸಂಕೀರ್ಣತೆಯನ್ನೇ ಅಳಿಸಿ, ಅವನನ್ನು ಬರೀ ಒಂದು ಗುಂಪಿನ ಗುರುತಾಗಿ ಉಳಿಸುತ್ತವೆ ಎಂಬುದು ಅವರ ವಾದ. ಹೀಗೆ ಬರೆದವರು ಹೋರಾಟದಿಂದ ದೂರ ಸರಿದವರಲ್ಲ. 1948ರಲ್ಲಿ ಪ್ಯಾರಿಸ್‌ಗೆ ಹೋಗಿ ನೆಲೆಸಿದ್ದ ಅವರು 1957ರಲ್ಲಿ ಅಮೆರಿಕಕ್ಕೆ ಮರಳಿ ಬಂದು ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಸುತ್ತಾಡಿ, ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಯ ಬಗ್ಗೆ ಬರೆದರು. ಆ ದಾರಿಯನ್ನು ಅವರು ತಾವೇ ಆರಿಸಿಕೊಂಡಿದ್ದರು. ನಿಮ್ಮ ತರುಣನೂ ನಾಳೆ ಕೆರೆಯ ನೀರು ಮುಟ್ಟಗೊಡದವರ ಬಗ್ಗೆ ಬರೆಯಬಹುದು, ಬರೆಯದೆಯೂ ಇರಬಹುದು.

ಮುಂದಿನ ಗೋಷ್ಠಿಗೆ ಅವನನ್ನು ಮತ್ತೆ ಕರೆಯಿರಿ, ಅದೇ ಕವಿತೆಯನ್ನು ಇನ್ನೊಮ್ಮೆ ಓದಿಸಿರಿ. ಆ ಹೊಲ ಯಾರದು, ಕೂಲಿಗೆ ಬಂದವರಿಗೆ ಸೀತನಿ ಯಾವಾಗ ದಕ್ಕುತ್ತದೆ, ಅವ್ವ ತನ್ನ ಪಾಲನ್ನು ತಿಂದಳೇ ಎಂಬುದನ್ನೆಲ್ಲ ಅವನೇ ಸಾಲುಗಳಲ್ಲಿ ಇಟ್ಟಿದ್ದಾನೋ ಏನೋ, ಹಾಳೆ ನಿಮ್ಮ ಮುಂದಿಟ್ಟುಕೊಂಡು ಆ ಹಿರಿಯರೊಂದಿಗೆ ಕೂತು ನಿಧಾನವಾಗಿ ನೋಡಿರಿ.